ಉಸಿರಿಗೆ ಹೊರಗಿನ ಆಸರೆ



ಮಳೆಗಾಲ ಹಿಡಿಯಿತೆಂದರೆ ನಮ್ಮ ಮನೆಗಳಲ್ಲಿ ಶೀತ, ಜ್ವರ, ಕೆಮ್ಮು ಹೊಸತಲ್ಲ. ಕಷಾಯ ಕುಡಿದು, ಗಂಜಿ ಉಂಡು, ನಾಲ್ಕು ದಿನ ಮಲಗಿದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ಆದರೆ ಕೆಲವರಲ್ಲಿ ಅದೇ ಜ್ವರ ಎದೆಗೆ ಇಳಿಯುತ್ತದೆ. ಐದಾರು ದಿನ ಕಳೆದ ಮೇಲೆ ಏದುಸಿರು ಹತ್ತುತ್ತದೆ. ಅಂಥವರನ್ನು ಆಸ್ಪತ್ರೆಗೆ ಸೇರಿಸಿದಾಗ ಮೂಗು ಬಾಯಿಗೆ ಬಿಗಿಯಾದ ಮುಖವಾಡ ಕಟ್ಟಿ ಯಂತ್ರಕ್ಕೆ ಜೋಡಿಸುತ್ತಾರೆ. ಅದನ್ನು ಕಂಡ ಮನೆಯವರು, "ಯಂತ್ರ ಹಾಕಿದರಂತೆ, ಇನ್ನು ಆಸೆಯಿಲ್ಲ" ಎಂದು ಕೈಚೆಲ್ಲುವುದುಂಟು. ಈ ಭಯ ತಪ್ಪು. ಭಯದಿಂದ ತಡಮಾಡಿದರೆ ಆಗುವ ನಷ್ಟ ದೊಡ್ಡದು. ಆದುದರಿಂದ ಈ ಯಂತ್ರ ಏನು ಮಾಡುತ್ತದೆ, ಯಾರಿಗೆ ಬೇಕು, ನಾವು ಮನೆಯಲ್ಲಿ ಏನನ್ನು ಗಮನಿಸಬೇಕು ಎಂಬುದನ್ನು ಪ್ರತಿಯೊಂದು ಮನೆಯವರೂ ತಿಳಿದಿರುವುದು ಒಳ್ಳೆಯದು.

ಶ್ವಾಸಕೋಶ ಎಂಬ ಗದ್ದೆ

ಆರೋಗ್ಯವಂತನಾದ ದೊಡ್ಡ ಮನುಷ್ಯ ಸುಮ್ಮನೆ ಕುಳಿತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ಒಂದೊಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ ಒಳಗೆ ಹೋಗುತ್ತದೆ. ಆ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಅದನ್ನು ರಕ್ತಕ್ಕೆ ದಾಟಿಸುವುದೇ ಶ್ವಾಸಕೋಶದ ಕೆಲಸ.

ಶ್ವಾಸಕೋಶವೆಂದರೆ ಒಂದೇ ದೊಡ್ಡ ಚೀಲವಲ್ಲ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಚೀಲಗಳು 30ರಿಂದ 50 ಕೋಟಿಯಷ್ಟಿವೆ. ಇವುಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಒಂದೂವರೆ ಸೆಂಟ್ಸಿಗೂ ಹೆಚ್ಚು ಜಾಗವಾಗುತ್ತದೆ. ಎದೆಗೂಡಿನೊಳಗೆ ಇಷ್ಟು ವಿಸ್ತಾರದ ಗದ್ದೆಯನ್ನು ಮಡಚಿಟ್ಟಂತೆ ಎಂದು ತಿಳಿಯಿರಿ. ಒಂದೊಂದು ಚೀಲದ ಗೋಡೆಯೂ ಬಹಳ ತೆಳು. ಆಚೆ ಬದಿಯಲ್ಲಿ ರಕ್ತ ಹರಿಯುತ್ತಿರುತ್ತದೆ. ಆಮ್ಲಜನಕ ಗೋಡೆ ದಾಟಿ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿರುವ ಕೆಟ್ಟ ವಾಯು ಇತ್ತ ದಾಟಿ ಹೊರಗೆ ಹೋಗುತ್ತದೆ.

ಇನ್‌ಫ್ಲುಯೆಂಜಾ, 2009ರಲ್ಲಿ ಲೋಕದಲ್ಲೆಲ್ಲ ಹರಡಿದ ಎಚ್1ಎನ್1, 2020ರಲ್ಲಿ ಬಂದ ಕೋವಿಡ್ - ಇವೆಲ್ಲ ವೈರಸ್ಸಿನಿಂದ ಬರುವ ರೋಗಗಳು. ವೈರಸ್ಸು ಗಾಳಿಚೀಲದವರೆಗೆ ಇಳಿದಾಗ ಅಲ್ಲಿ ಉರಿಯೂತ ಉಂಟಾಗುತ್ತದೆ. ಗೋಡೆ ದಪ್ಪವಾಗುತ್ತದೆ, ಚೀಲದೊಳಗೆ ನೀರು ಒಸರುತ್ತದೆ, ಕೆಲವು ಚೀಲಗಳು ಮುಚ್ಚಿಯೇ ಹೋಗುತ್ತವೆ. ಗದ್ದೆಗೆ ನೆರೆ ನುಗ್ಗಿ ನೇಜಿ ಮುಳುಗಿದಂತೆ ಎದೆಯ ಆ ಭಾಗ ಕೆಲಸಕ್ಕೆ ಬಾರದೆ ಹೋಗುತ್ತದೆ. ಉಳಿದ ಭಾಗವೇ ಎಲ್ಲ ಕೆಲಸವನ್ನೂ ಮಾಡಬೇಕಾಗಿ ರೋಗಿ ಬೇಗ ಬೇಗ ಉಸಿರಾಡತೊಡಗುತ್ತಾನೆ. ಹೊತ್ತು ಕಳೆದಂತೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಇಡೀ ದಿನ ಗುಡ್ಡ ಹತ್ತಿದವನಂತೆ ರೋಗಿ ಬಳಲುತ್ತಾನೆ. ವೈರಸ್ಸನ್ನು ಶರೀರವೇ ಗೆಲ್ಲಬೇಕು; ಅದಕ್ಕೆ ಕೆಲವು ದಿನಗಳು ಬೇಕು. ಆ ದಿನಗಳನ್ನು ದಾಟಿಸುವುದಕ್ಕೆ ಉಸಿರಿಗೊಂದು ಆಸರೆ ಬೇಕಾಗುತ್ತದೆ.

ಆಸರೆಯ ಮೆಟ್ಟಿಲುಗಳು

ಈ ಆಸರೆ ಒಂದೇ ಬಗೆಯದಲ್ಲ. ವೈದ್ಯರು ಕೆಳಗಿನ ಮೆಟ್ಟಿಲಿನಿಂದ ಅಗತ್ಯಕ್ಕೆ ತಕ್ಕಂತೆ ಮೇಲೇರುತ್ತಾರೆ.

1. ಮೂಗಿನ ನಳಿಕೆ. ಎರಡು ಸಣ್ಣ ಕವಲುಗಳಿರುವ ರಬ್ಬರಿನಂಥ ನಳಿಕೆಯನ್ನು ಮೂಗಿಗೆ ಇಟ್ಟು ನಿಮಿಷಕ್ಕೆ 1ರಿಂದ 6 ಲೀಟರ್ ತನಕ ಆಮ್ಲಜನಕ ಕೊಡುತ್ತಾರೆ. ಸಾಧಾರಣ ತೊಂದರೆಗೆ ಇಷ್ಟೇ ಸಾಕು.

2. ಚೀಲವಿರುವ ಮುಖವಾಡ. ಇದರಲ್ಲಿ ನಿಮಿಷಕ್ಕೆ 10ರಿಂದ 15 ಲೀಟರ್ ಹರಿಯುತ್ತದೆ.

3. ಹೆಚ್ಚು ಹರಿವಿನ ನಳಿಕೆ. ಆಸ್ಪತ್ರೆಯವರು ಇದನ್ನು ಎಚ್.ಎಫ್.ಎನ್.ಸಿ. ಎನ್ನುತ್ತಾರೆ. ನಿಮಿಷಕ್ಕೆ 30ರಿಂದ 60 ಲೀಟರ್ ತನಕ ಗಾಳಿ ಮತ್ತು ಆಮ್ಲಜನಕದ ಮಿಶ್ರಣವನ್ನು ಶರೀರದ ಬಿಸಿಗೆ ಬೆಚ್ಚಗೆ ಮಾಡಿ, ತೇವ ಸೇರಿಸಿ ಮೂಗಿನ ಮೂಲಕ ಹರಿಸುತ್ತಾರೆ. ಒಣ ಗಾಳಿ ಇಷ್ಟು ರಭಸದಿಂದ ಬಂದರೆ ಮೂಗು ಗಂಟಲು ಒಡೆದು ಹೋಗುತ್ತಿತ್ತು; ಬೆಚ್ಚಗಿನ ತೇವದ ಗಾಳಿಯಾದುದರಿಂದ ತಡೆದುಕೊಳ್ಳಬಹುದು. ರೋಗಿ ಮಾತನಾಡಬಹುದು, ವೈದ್ಯರು ಒಪ್ಪಿದರೆ ಗಂಜಿಯನ್ನೂ ಕುಡಿಯಬಹುದು.

4. ಬಿಗಿ ಮುಖವಾಡದ ಒತ್ತಡ. ಇದರಲ್ಲಿ ಸಿಪ್ಯಾಪ್, ಬೈಪ್ಯಾಪ್ ಎಂದು ಎರಡು ಬಗೆ.

5. ಗಂಟಲಿನೊಳಗೆ ಕೊಳವೆ ಇಳಿಸಿ ವೆಂಟಿಲೇಟರ್ ಜೋಡಿಸುವುದು. ಇದಕ್ಕೆ ರೋಗಿಯನ್ನು ಔಷಧಿಯಿಂದ ನಿದ್ದೆಗೆ ಒಯ್ಯಬೇಕಾಗುತ್ತದೆ.

ಮೂರನೆಯ ಮತ್ತು ನಾಲ್ಕನೆಯ ಮೆಟ್ಟಿಲುಗಳೇ ಈ ಲೇಖನದ ವಿಷಯ. ಇಲ್ಲಿ ಗಂಟಲಿಗೆ ಕೊಳವೆ ಇಳಿಸುವುದಿಲ್ಲ, ಕೊಯ್ಯುವುದಿಲ್ಲ, ನಿದ್ದೆ ಬರಿಸುವುದಿಲ್ಲ. ರೋಗಿ ಎಚ್ಚರವಾಗಿದ್ದು ತಾನೇ ಉಸಿರಾಡುತ್ತಾನೆ. ಯಂತ್ರ ಹೊರಗಿನಿಂದ ಕೈಕೊಡುತ್ತದೆ.

ತೋಡಿಗೆ ಕಟ್ಟ ಹಾಕಿದ ಹಾಗೆ

ಮಳೆ ನಿಂತ ಮೇಲೆ ನೀವು ತೋಡಿಗೆ ಕಟ್ಟ ಹಾಕುತ್ತೀರಿ. ನೀರು ಪೂರ್ತಿ ಹರಿದುಹೋಗದೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಬದಿಯ ಬಾವಿಗಳೂ ಒಣಗುವುದಿಲ್ಲ. ಸಿಪ್ಯಾಪ್ ಯಂತ್ರ ಮಾಡುವ ಕೆಲಸ ಇದೇ. ರೋಗಿ ಉಸಿರು ಬಿಟ್ಟಾಗ ಗಾಳಿ ಎಲ್ಲವೂ ಹೊರಗೆ ಹೋಗಿ ಗಾಳಿಚೀಲಗಳು ಅಂಟಿಕೊಳ್ಳದಂತೆ ಸ್ವಲ್ಪ ಒತ್ತಡವನ್ನು ಒಳಗೆ ಸದಾ ನಿಲ್ಲಿಸುತ್ತದೆ.

ಮಕ್ಕಳು ಊದುವ ಬಲೂನನ್ನು ನೋಡಿ. ಮೊದಲ ಸಲ ಊದುವಾಗ ಕೆನ್ನೆ ನೋಯುತ್ತದೆ. ಒಮ್ಮೆ ಅರ್ಧ ತುಂಬಿದ ಮೇಲೆ ಊದುವುದು ಸುಲಭ. ಗಾಳಿಚೀಲವೂ ಹಾಗೆಯೇ. ಪ್ರತಿ ಉಸಿರಿಗೂ ಮುಚ್ಚಿದ ಚೀಲವನ್ನು ಬಿಡಿಸುವ ಶ್ರಮ ತಪ್ಪಿದರೆ ರೋಗಿಯ ಸ್ನಾಯುಗಳಿಗೆ ವಿಶ್ರಾಂತಿ ಸಿಗುತ್ತದೆ. ತೆರೆದಿರುವ ಚೀಲಗಳು ಹೆಚ್ಚಿದಷ್ಟೂ ರಕ್ತಕ್ಕೆ ಸೇರುವ ಆಮ್ಲಜನಕವೂ ಹೆಚ್ಚುತ್ತದೆ.

ಈ ಒತ್ತಡ ಬಹಳ ದೊಡ್ಡದೇನಲ್ಲ. ಸಾಮಾನ್ಯವಾಗಿ 5ರಿಂದ 10 ಸೆಂಟಿಮೀಟರ್ ಎತ್ತರದ ನೀರು ಎಷ್ಟು ಒತ್ತುತ್ತದೋ ಅಷ್ಟು. ಅರ್ಧ ಗೇಣಿನಷ್ಟೂ ಇಲ್ಲ! ಎಳೆಯ ಶಿಶುಗಳಿಗೆ ಉಸಿರಾಟದ ನಳಿಕೆಯ ಒಂದು ತುದಿಯನ್ನು ನೀರಿನ ಬಾಟಲಿಯಲ್ಲಿ 5 ಸೆಂಟಿಮೀಟರ್ ಮುಳುಗಿಸಿಟ್ಟು ಇದೇ ಒತ್ತಡವನ್ನು ಕೊಡುವ ಸರಳ ಉಪಾಯವೂ ಇದೆ. ಗುಳ್ಳೆಗಳು ಏಳುತ್ತಿದ್ದರೆ ಒತ್ತಡ ಸರಿಯಿದೆಯೆಂದು ದಾದಿಗೆ ತಿಳಿಯುತ್ತದೆ.

ಸಿಪ್ಯಾಪಿನಲ್ಲಿ ಒತ್ತಡ ಒಂದೇ ಸಮನಾಗಿರುತ್ತದೆ. ಬೈಪ್ಯಾಪಿನಲ್ಲಿ ಎರಡು ಮಟ್ಟ: ಉಸಿರು ಎಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ. ಕುಲುಮೆಯ ತಿದಿಯಂತೆ ಒಳಗೆ ತಳ್ಳುವ ನೆರವೂ ಸಿಗುವುದರಿಂದ ಸ್ನಾಯು ಸೋತವರಿಗೆ ಇದು ಉಪಯುಕ್ತ.

ಈ ಉಪಾಯ ಬಂದ ದಾರಿ

ಇದು ನಿನ್ನೆ ಮೊನ್ನೆಯ ಯೋಚನೆಯಲ್ಲ. 1928ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಪೋಲಿಯೋ ಬಂದ ಬಾಲಕಿಯೊಬ್ಬಳನ್ನು ಕುತ್ತಿಗೆಯವರೆಗೆ ಲೋಹದ ಪೆಟ್ಟಿಗೆಯೊಳಗೆ ಮಲಗಿಸಿ ಹೊರಗಿನಿಂದ ಉಸಿರಾಡಿಸಿದರು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹೆಚ್ಚಾಗಿ ಪೆಟ್ಟಿಗೆಗಳು ಸಾಲದೆ ಹೋದಾಗ, ಡಾ. ಬ್ಯೋರ್ನ್ ಇಬ್ಸೆನ್ ಎಂಬವರ ಸಲಹೆಯಂತೆ ಗಂಟಲಿಗೆ ಕೊಳವೆ ಇಟ್ಟು, ವಿದ್ಯಾರ್ಥಿಗಳು ಸರದಿಯಲ್ಲಿ ಹಗಲು ರಾತ್ರಿ ಕೈಯಿಂದಲೇ ರಬ್ಬರ್ ಚೀಲ ಒತ್ತಿ ರೋಗಿಗಳನ್ನು ಉಳಿಸಿದರು. ಇಂದಿನ ತೀವ್ರ ನಿಗಾ ಘಟಕಗಳಿಗೆ ಅದೇ ಮೊದಲು. 1971ರಲ್ಲಿ ಅಮೆರಿಕದ ಡಾ. ಜಾರ್ಜ್ ಗ್ರೆಗೊರಿ ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಿಗೆ ಸದಾ ನಿಲ್ಲುವ ಒತ್ತಡವನ್ನು ಕೊಟ್ಟು ತೋರಿಸಿದರು. 1981ರಲ್ಲಿ ಆಸ್ಟ್ರೇಲಿಯದ ಡಾ. ಕಾಲಿನ್ ಸಲಿವನ್, ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಮೂಗಿನ ಮುಖವಾಡದ ಸಿಪ್ಯಾಪನ್ನು ಬಳಕೆಗೆ ತಂದರು. ಹೀಗೆ ಶಿಶುಗಳಿಗೂ ಗೊರಕೆಯವರಿಗೂ ಬಂದ ಯಂತ್ರ ಮುಂದೆ ಶ್ವಾಸಕೋಶದ ಬೇನೆಗೂ ಒದಗಿತು.

ಕೋವಿಡ್ ಕಲಿಸಿದ್ದು

2020ರ ಮಾರ್ಚಿನಲ್ಲಿ ಕಲಬುರಗಿಯಲ್ಲಿ ಈ ರೋಗದಿಂದ ದೇಶದ ಮೊದಲ ಸಾವು ಆಯಿತು. ಅದೇ ತಿಂಗಳ ಕೊನೆಗೆ ನಮ್ಮ ಜಿಲ್ಲೆಗೂ ಸೋಂಕು ಬಂತು. ಉಡುಪಿಯ ಡಾ. ಟಿ.ಎಂ.ಎ. ಪೈ ಆಸ್ಪತ್ರೆಯನ್ನು ಕೋವಿಡ್ ರೋಗಿಗಳಿಗೆಂದೇ ಮೀಸಲಿಟ್ಟರು. ಮೇ, ಜೂನ್ ತಿಂಗಳಲ್ಲಿ ಮುಂಬಯಿಯಿಂದ ನಮ್ಮವರು ಊರಿಗೆ ಮರಳಿದಾಗ ಸೋಂಕಿತರ ಸಂಖ್ಯೆಯಲ್ಲಿ ಉಡುಪಿ ಜಿಲ್ಲೆ ರಾಜ್ಯದಲ್ಲೇ ಮುಂದೆ ನಿಂತದ್ದು ನಿಮಗೆ ನೆನಪಿರಬಹುದು. ಅವರಲ್ಲಿ ಹೆಚ್ಚಿನವರಿಗೆ ರೋಗದ ಲಕ್ಷಣವೇ ಇರಲಿಲ್ಲ.

ಆರಂಭದಲ್ಲಿ ವೈದ್ಯರಲ್ಲಿಯೇ ಎರಡು ಮಾತಿತ್ತು. ಉಸಿರಾಟ ಕೆಟ್ಟ ಕೂಡಲೇ ಗಂಟಲಿಗೆ ಕೊಳವೆ ಹಾಕಬೇಕೆಂದು ಕೆಲವರು. ಮುಖವಾಡದಿಂದ ಹೊರಬೀಳುವ ಗಾಳಿಯಲ್ಲಿ ವೈರಸ್ಸು ಹರಡೀತೆಂಬ ಭಯ ಬೇರೆ. ಆದರೆ ಕೊಳವೆ ಹಾಕಿಸಿಕೊಂಡವರು ವಾರಗಟ್ಟಲೆ ನಿದ್ದೆಯಲ್ಲಿರಬೇಕಾಗುತ್ತಿತ್ತು, ಸ್ನಾಯುಗಳು ಸೊರಗುತ್ತಿದ್ದವು, ಎದೆಗೆ ಬೇರೆ ಸೋಂಕು ತಗಲುತ್ತಿತ್ತು. ವೆಂಟಿಲೇಟರುಗಳೂ ಎಲ್ಲರಿಗೆ ಸಾಲುತ್ತಿರಲಿಲ್ಲ. ಆದುದರಿಂದ ಹೊರಗಿನ ಆಸರೆಯನ್ನು ಹೆಚ್ಚು ಹೆಚ್ಚು ಬಳಸತೊಡಗಿದರು.

ಯಾವ ಗೊಬ್ಬರ ಒಳ್ಳೆಯದೆಂದು ತಿಳಿಯಲು ಒಂದೇ ಗದ್ದೆಯನ್ನು ಪಾಲು ಮಾಡಿ ಬೇರೆ ಬೇರೆ ಗೊಬ್ಬರ ಹಾಕಿ ನೋಡುವುದಿಲ್ಲವೇ? ಬ್ರಿಟನ್ನಿನ 48 ಆಸ್ಪತ್ರೆಗಳಲ್ಲಿ ಅಂಥದೇ ಪರೀಕ್ಷೆ ನಡೆಯಿತು. 1,200ಕ್ಕೂ ಹೆಚ್ಚು ಕೋವಿಡ್ ರೋಗಿಗಳನ್ನು ಚೀಟಿ ಎತ್ತಿದಂತೆ ಪಾಲು ಮಾಡಿ ಬೇರೆ ಬೇರೆ ಆಸರೆ ಕೊಟ್ಟರು. 2022ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾಯಿತು. ಬರಿಯ ಆಮ್ಲಜನಕ ಪಡೆದವರಲ್ಲಿ ನೂರಕ್ಕೆ ಸುಮಾರು 44 ಮಂದಿಗೆ ಕೊಳವೆ ಬೇಕಾಯಿತು ಅಥವಾ 30 ದಿನಗಳೊಳಗೆ ಮರಣ ಬಂತು. ಸಿಪ್ಯಾಪ್ ಪಡೆದವರಲ್ಲಿ ಅದು ನೂರಕ್ಕೆ ಸುಮಾರು 36. ಕೊಳವೆ ತಪ್ಪಿದ್ದೇ ಇದರಲ್ಲಿ ಮುಖ್ಯವಾದ ಲಾಭ. ಹೆಚ್ಚು ಹರಿವಿನ ನಳಿಕೆಯಿಂದ ಆ ಪರೀಕ್ಷೆಯಲ್ಲಿ ಅಂಥ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಮುಖವಾಡ ಎಲ್ಲರನ್ನೂ ಉಳಿಸುವ ಮಂತ್ರವಲ್ಲ. ಆದರೆ ಹಲವರನ್ನು ಕೊಳವೆಯಿಂದ ಪಾರುಮಾಡುವ ಸಾಧನ.

ಇನ್ನೊಂದು ಖರ್ಚಿಲ್ಲದ ಉಪಾಯವೂ ಬಳಕೆಗೆ ಬಂತು. ಅದೇ ಬೋರಲು ಮಲಗಿಸುವುದು. ಬೆನ್ನ ಬದಿಯಲ್ಲಿ ಗಾಳಿಚೀಲಗಳು ಹೆಚ್ಚು. ಅಂಗಾತ ಮಲಗಿದಾಗ ಅವು ಒತ್ತಿಹೋಗುತ್ತವೆ. ಹೊಟ್ಟೆ ಅಡಿಯಾಗಿ ಮಲಗಿದರೆ ಆ ಭಾಗ ತೆರೆದುಕೊಳ್ಳುತ್ತದೆ. ಹೆಚ್ಚು ಹರಿವಿನ ನಳಿಕೆಯಲ್ಲಿರುವ ಕೋವಿಡ್ ರೋಗಿಗಳು ಎಚ್ಚರದಲ್ಲೇ ಹೀಗೆ ಮಲಗಿದರೆ ಕೊಳವೆಯ ಅಗತ್ಯ ಕಡಿಮೆಯಾಗುತ್ತದೆಂದು 2021ರಲ್ಲಿ ಆರು ದೇಶಗಳ ಪರೀಕ್ಷೆಗಳಿಂದ ತಿಳಿಯಿತು. ದಾದಿ ಬಂದು "ಬೋರಲು ಮಲಗಿ" ಎಂದರೆ ಅದು ಚಿಕಿತ್ಸೆಯೆಂದೇ ತಿಳಿದು ಒಪ್ಪಿಕೊಳ್ಳಿ.

ಆಮ್ಲಜನಕದ ಲೆಕ್ಕ

ಈ ಯಂತ್ರಗಳಿಗೆ ಆಮ್ಲಜನಕ ಬಹಳ ಬೇಕು. ಆಳೆತ್ತರದ ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಇರುತ್ತದೆ. ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 5 ಲೀಟರಿನಂತೆ ಕೊಟ್ಟರೆ ಅದು 23 ಗಂಟೆ ಬಾಳುತ್ತದೆ. ಹೆಚ್ಚು ಹರಿವಿನ ಯಂತ್ರದಲ್ಲಿ ಶುದ್ಧ ಆಮ್ಲಜನಕವನ್ನೇ ನಿಮಿಷಕ್ಕೆ 60 ಲೀಟರಿನಂತೆ ಕೊಟ್ಟರೆ ಎರಡು ಗಂಟೆಯೂ ಬಾರದು. 2021ರ ಏಪ್ರಿಲ್, ಮೇ ತಿಂಗಳ ಎರಡನೆಯ ಅಲೆಯಲ್ಲಿ ದೇಶವೆಲ್ಲ ಆಮ್ಲಜನಕಕ್ಕಾಗಿ ಪರದಾಡಿತು. ನಮ್ಮ ರಾಜ್ಯದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆ ವರ್ಷದ ಮೇ 2 ಮತ್ತು 3ರ ನಡುವೆ 24 ರೋಗಿಗಳು ಮೃತಪಟ್ಟದ್ದನ್ನು ಮರೆಯುವಂತಿಲ್ಲ. ಯಂತ್ರ ಎಷ್ಟು ಒಳ್ಳೆಯದಾದರೂ ಹಿಂದಿನಿಂದ ಆಮ್ಲಜನಕ ಹರಿಯದಿದ್ದರೆ ನೀರಿಲ್ಲದ ಬಾವಿಗೆ ಪಂಪು ಇಟ್ಟಂತೆ. ಆ ಬಳಿಕ ದೇಶದ ಹಲವು ಸರಕಾರಿ ಆಸ್ಪತ್ರೆಗಳಲ್ಲಿ ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸುವ ಘಟಕಗಳನ್ನು ಸ್ಥಾಪಿಸಲಾಯಿತು.

ಈ ಕಾರಣದಿಂದಲೇ ಇಂಥ ಚಿಕಿತ್ಸೆ ಮನೆಯಲ್ಲಿ ಮಾಡುವಂಥದಲ್ಲ. ನಮ್ಮ ಕಡೆ ಮಳೆಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಆಮ್ಲಜನಕ ತಯಾರಿಸುವ ಮನೆಯ ಯಂತ್ರವೂ ಕರೆಂಟಿನಿಂದಲೇ ನಡೆಯತಕ್ಕದ್ದು. ಹಳೆಯ ಕಾಯಿಲೆಗೆಂದು ವೈದ್ಯರು ಮನೆಯಲ್ಲಿ ಆಮ್ಲಜನಕ ಇಡಲು ಹೇಳಿದ್ದರೆ ಬೇರೆ ಮಾತು. ಆಗಲೂ ಅದರ ಹತ್ತಿರ ಬೀಡಿ, ದೀಪ, ಒಲೆ, ಊದುಬತ್ತಿ ಕೂಡದು. ಆಮ್ಲಜನಕ ತಾನಾಗಿ ಉರಿಯದಿದ್ದರೂ ಸಣ್ಣ ಕಿಡಿಯನ್ನು ದೊಡ್ಡ ಬೆಂಕಿ ಮಾಡುತ್ತದೆ.

ಮನೆಯಲ್ಲಿ ಗಮನಿಸಬೇಕಾದುದು

ಮುಖವಾಡದ ಚಿಕಿತ್ಸೆ ಫಲಿಸಬೇಕಾದರೆ ರೋಗಿ ಸೋತು ಹೋಗುವ ಮೊದಲೇ ಆಸ್ಪತ್ರೆ ತಲಪಬೇಕು. ಹೊತ್ತು ಗೊತ್ತುಮಾಡುವವರು ಮನೆಯವರು.

ಉಸಿರನ್ನು ಎಣಿಸಿ. ರೋಗಿ ಸುಮ್ಮನೆ ಕುಳಿತಿರುವಾಗ ಎದೆ ಅಥವಾ ಹೊಟ್ಟೆ ಏಳುವುದನ್ನು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿರಿ. ದೊಡ್ಡವರಲ್ಲಿ 24 ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರ ಬಳಿಗೆ ಹೊರಡಬೇಕು. 30 ದಾಟಿದರೆ ಅಪಾಯ. ಮಕ್ಕಳ ಲೆಕ್ಕ ಬೇರೆ: ಎರಡು ತಿಂಗಳೊಳಗಿನ ಶಿಶುವಿಗೆ 60, ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40 - ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ತಡಮಾಡಬಾರದು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಸಿಕ್ಕಿದರೆ ಅದನ್ನೂ ನೋಡಿ. ಜಪಾನಿನ ತಾಕುವೋ ಅಯೋಯಗಿ ಎಂಬವರು 1970ರ ದಶಕದಲ್ಲಿ ಕಂಡುಹಿಡಿದ ತತ್ತ್ವದ ಮೇಲೆ ಇದು ಬೆಳಕಿನಿಂದಲೇ ರಕ್ತದ ಆಮ್ಲಜನಕವನ್ನು ಅಳೆಯುತ್ತದೆ. 94 ಅಥವಾ ಮೇಲಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ. 90ರಿಂದ 93 ಬಂದರೆ ಆಸ್ಪತ್ರೆಗೆ ಹೋಗಬೇಕು. 90ಕ್ಕಿಂತ ಕೆಳಗೆ ತೀವ್ರ ಸ್ಥಿತಿ. ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಳತೆ ತಪ್ಪುತ್ತದೆ. ಕೈ ತೊಳೆದು ಒರಸಿ, ಬೆಚ್ಚಗೆ ಮಾಡಿ, ಒಂದು ನಿಮಿಷ ಅಲುಗಾಡದೆ ಇಟ್ಟು ನೋಡಿ. ಕಪ್ಪು ಚರ್ಮದವರಲ್ಲಿ ಯಂತ್ರ ನಿಜಕ್ಕಿಂತ ಹೆಚ್ಚು ತೋರಿಸುವುದುಂಟು; ಆದುದರಿಂದ ಅಂಕಿ ಸರಿಯಿದ್ದರೂ ರೋಗಿ ಏದುಸಿರು ಬಿಡುತ್ತಿದ್ದರೆ ರೋಗಿಯನ್ನೇ ನಂಬಿ. ಕೋವಿಡಿನಲ್ಲಿ ಇದರ ತಿರುಗುಮುರುಗೂ ಕಂಡಿದೆ. ರೋಗಿ ಮಾತನಾಡುತ್ತ ಕುಳಿತಿರುತ್ತಾನೆ, ಅಂಕಿ ಮಾತ್ರ ಇಳಿದಿರುತ್ತದೆ. ಆಗ ಅಂಕಿಯನ್ನು ನಂಬಿ.

ಒಂದು ವಾಕ್ಯ ಪೂರ್ತಿ ಹೇಳಲಾಗದಿರುವುದು, ತುಟಿ ನೀಲಿಯಾಗುವುದು, ಮಂಕು ಕವಿಯುವುದು, ಮಕ್ಕಳಲ್ಲಿ ಪಕ್ಕೆ ಒಳಗೆ ಸೆಳೆಯುವುದು - ಇವು ಕಂಡರೆ ಅಂಕಿಗೂ ಎಣಿಕೆಗೂ ಕಾಯದೆ 108ಕ್ಕೆ ಕರೆಮಾಡಿ. ಮುದುಕರು, ಬಸುರಿಯರು, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ಉಬ್ಬಸ ಇರುವವರು ಇನ್ನೂ ಬೇಗ ಹೊರಡಬೇಕು. ಕಾರ್ಕಳದಲ್ಲಿ ತಾಲೂಕು ಆಸ್ಪತ್ರೆ, ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಆಸ್ಪತ್ರೆ, ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ ಇವೆ. "ಬೆಳಗಾಗಲಿ ನೋಡೋಣ" ಎಂದು ಮಳೆಯ ರಾತ್ರಿಯನ್ನು ಕಾಯುವುದಕ್ಕಿಂತ ಸಂಜೆಯೇ ಹೊರಡುವುದು ಲೇಸು. ಪಡಿತರ ಚೀಟಿ, ಆಧಾರ್, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ.

ಅಂಗಡಿಯಿಂದ ಸ್ಟೀರಾಯ್ಡ್ ಮಾತ್ರೆ ತಂದು ನುಂಗಬೇಡಿ. ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳಿಗೆ ಡೆಕ್ಸಾಮೆಥಸೋನ್ ಪ್ರಾಣ ಉಳಿಸುತ್ತದೆಂದು 2020ರ ಜೂನಿನಲ್ಲಿ ಗೊತ್ತಾಯಿತು; ಆಮ್ಲಜನಕ ಬೇಡದವರಿಗೆ ಅದರಿಂದ ಲಾಭ ಕಾಣಲಿಲ್ಲ. ಕೊಡಬೇಕೋ ಬೇಡವೋ ವೈದ್ಯರೇ ನಿರ್ಣಯಿಸಲಿ.

ಜನರು ಕೇಳುವ ಪ್ರಶ್ನೆಗಳು

ಮುಖವಾಡ ಕಟ್ಟಿದರೆ ಉಸಿರು ಕಟ್ಟಿದಂತಾಗುವುದಿಲ್ಲವೇ?
ಮೊದಲ ಅರ್ಧ ಗಂಟೆ ಹಲವರಿಗೆ ಹಾಗನಿಸುತ್ತದೆ. ಗಾಳಿಯ ರಭಸಕ್ಕೆ ಗಾಬರಿಯಾಗುತ್ತದೆ. ನಿಧಾನವಾಗಿ ಅದರ ಲಯಕ್ಕೆ ಹೊಂದಿಕೊಳ್ಳಬೇಕು. ಬಿಗಿ ಹೆಚ್ಚಾದರೆ, ಮೂಗಿನ ಮೇಲೆ ಗಾಯವಾದರೆ ದಾದಿಗೆ ಹೇಳಿ, ಸರಿಮಾಡುತ್ತಾರೆ. ತಾವಾಗಿ ಕಿತ್ತು ತೆಗೆಯಬಾರದು. ತೋಡಿನ ಕಟ್ಟ ಒಡೆದಂತೆ ಒಳಗೆ ನಿಂತಿದ್ದ ಒತ್ತಡ ಕ್ಷಣದಲ್ಲಿ ಹೋಗಿ ತೆರೆದ ಚೀಲಗಳು ಮತ್ತೆ ಮುಚ್ಚುತ್ತವೆ.

ಮುಖವಾಡ ಇರುವಾಗ ಊಟ?
ಮನೆಯವರು ಕದ್ದು ಮುಚ್ಚಿ ಚಹಾ, ಎಳನೀರು ಕುಡಿಸಬಾರದು. ಒತ್ತಡದ ಗಾಳಿಯೊಂದಿಗೆ ಅದು ಶ್ವಾಸನಾಳಕ್ಕೆ ಇಳಿದರೆ ಅಪಾಯ. ವೈದ್ಯರು ಬಿಡುವು ಕೊಟ್ಟಾಗ ಮಾತ್ರ ಆಹಾರ.

ಎಲ್ಲರಿಗೂ ಇದು ಆಗುತ್ತದೆಯೇ?
ಇಲ್ಲ. ಪ್ರಜ್ಞೆ ತಪ್ಪಿದವರಿಗೆ, ವಾಂತಿ ನಿಲ್ಲದವರಿಗೆ, ಕಫ ಉಗುಳಲಾರದವರಿಗೆ, ಮುಖಕ್ಕೆ ಪೆಟ್ಟಾದವರಿಗೆ ಆಗದು.

ಮುಖವಾಡ ಹಾಕಿದ ಮೇಲೂ ಕೊಳವೆ ಹಾಕಬೇಕೆಂದರೆ?
ವೈದ್ಯರು ಮೊದಲ ಗಂಟೆಗಳಿಂದಲೇ ಉಸಿರಿನ ಎಣಿಕೆ, ಆಮ್ಲಜನಕ, ರೋಗಿಯ ಬಳಲಿಕೆ ಇವುಗಳನ್ನು ನೋಡುತ್ತಿರುತ್ತಾರೆ. ಸುಧಾರಿಸದಿದ್ದರೆ ಮೇಲಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಇಲ್ಲಿ ಮನೆಯವರು ಒಪ್ಪಿಗೆಗಾಗಿ ದಿನಗಟ್ಟಲೆ ಮೀನಮೇಷ ಎಣಿಸಿದರೆ ಹಾನಿ ರೋಗಿಗೆ. ಕೊಳವೆಯೆಂದರೆ ಮರಣವಲ್ಲ, ತಡವಾದ ಕೊಳವೆ ಹೆಚ್ಚು ಅಪಾಯ. ಸಂಶಯವಿದ್ದರೆ ಕೇಳಿ, ಸ್ಪಷ್ಟವಾದ ಉತ್ತರ ಪಡೆಯಿರಿ, ಮನೆಯಲ್ಲಿ ಒಬ್ಬರು ನಿರ್ಣಯ ಹೇಳುವವರಾಗಿರಿ.

ಬಾರದಂತೆ ನೋಡುವುದೇ ಮೇಲು

ಕಟ್ಟ ಹಾಕುವುದಕ್ಕೂ ಮೊದಲು ನೀರನ್ನು ಹಾಳುಮಾಡದಿರುವುದು ಜಾಣತನ. ಕೆಮ್ಮುವಾಗ ಬಟ್ಟೆ ಅಡ್ಡ ಹಿಡಿಯಿರಿ. ಜ್ವರವಿರುವಾಗ ಮದುವೆ, ಕೋಲ, ಜಾತ್ರೆ, ಸಂತೆಗೆ ಹೋಗಬೇಡಿ. ರೋಗಿಯ ಕೋಣೆಗೆ ಕಿಟಕಿಯಿಂದ ಗಾಳಿ ಬರಲಿ. ಬೀಡಿ ಸೇದುವವರು ಬಿಟ್ಟರೆ ಶ್ವಾಸಕೋಶಕ್ಕೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಇನ್‌ಫ್ಲುಯೆಂಜಾ ಮತ್ತು ಕೋವಿಡ್ ಲಸಿಕೆಗಳ ಬಗ್ಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮುಖ್ಯವಾಗಿ ಮನೆಯ ಹಿರಿಯರಿಗೂ ಬಸುರಿಯರಿಗೂ ಯಾವುದು ಬೇಕೆಂದು ಕೇಳಿ ತಿಳಿಯಿರಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಫೋನ್ ನಂಬರನ್ನು ಗೋಡೆಯ ಮೇಲೆ ಬರೆದಿಡಿ.

ಈ ಹಾಳೆಯನ್ನು ಓದಿದವರು ಓದಲಾರದವರಿಗೆ ಓದಿ ಹೇಳಬೇಕಾಗಿ ವಿನಂತಿ. ಇಂದು ಸಂಜೆಯೇ ಮನೆಯವರೆಲ್ಲ ಕುಳಿತು ಒಬ್ಬರ ಉಸಿರನ್ನು ಇನ್ನೊಬ್ಬರು ಒಂದು ನಿಮಿಷ ಎಣಿಸಿ ನೋಡಿ. ಆರೋಗ್ಯದಲ್ಲಿ ಎಷ್ಟಿದೆಯೆಂದು ಗೊತ್ತಿದ್ದರೆ ಕಾಯಿಲೆಯಲ್ಲಿ ಎಷ್ಟು ಏರಿತೆಂದು ಸುಲಭವಾಗಿ ತಿಳಿಯುತ್ತದೆ.